ಕೊಲೆಯ ಕಥೆಯಲ್ಲಿ ಸತ್ತವರ ಪಾಲು

ಕೊಲೆಯ ಸುದ್ದಿ ಬಂದಾಗ ಕಿವಿ ಮುಚ್ಚಿಕೊಂಡು ಎದ್ದುಹೋಗುವ ಮನುಷ್ಯರು ಬಹು ವಿರಳ. ‘ಅಯ್ಯೋ ಪಾಪ’ ಎಂಬ ಮಾತು ನಾಲಗೆಯ ಮೇಲಿರುವಾಗಲೇ ‘ಆಮೇಲೇನಾಯಿತು?’ ಎಂಬ ಮಾತು ಅದರ ಬೆನ್ನಿಗೆ ನಿಂತು ಸರದಿ ಕಾಯುತ್ತಿರುತ್ತದೆ. ಮೊದಲನೆಯದು ಕರುಣೆಯ ಮಾತು, ಎರಡನೆಯದು ಕುತೂಹಲದ್ದು. ಎರಡೂ ಒಂದೇ ಉಸಿರಿನಲ್ಲಿ ಹೊರಡುವುದರಿಂದ ಯಾವುದು ಎಲ್ಲಿ ಮುಗಿಯಿತು, ಯಾವುದು ಎಲ್ಲಿ ಮೊದಲಾಯಿತು ಎಂಬುದು ಆಡಿದವರಿಗೇ ತಿಳಿಯದು. ಕಲ್ಪಿತವಾದ ಪತ್ತೇದಾರಿ ಕಾದಂಬರಿಯಲ್ಲಿ ಈ ಬೆರಕೆಯಿಂದ ಯಾರಿಗೂ ಹಾನಿಯಿಲ್ಲ. ಅಲ್ಲಿ ಸಾಯುವವನು ಕಾಗದದ ಮೇಲೆ ಹುಟ್ಟಿ ಕಾಗದದ ಮೇಲೆ ಸಾಯುತ್ತಾನೆ. ಅವನಿಗಾಗಿ ಅಳುವ ತಾಯಿಯೂ ಕಾಗದದವಳೇ. ಆದರೆ ನಿಜವಾಗಿ ನಡೆದ ಕೊಲೆಯನ್ನು ವಿನೋದಕ್ಕಾಗಿ ಓದುವ, ನೋಡುವ, ಕೇಳುವ ಅಭ್ಯಾಸವೊಂದು ಉಂಟಷ್ಟೆ. ಹಿಂದೆ ಸಂತೆಯಲ್ಲಿ ಮಾರುತ್ತಿದ್ದ ಅಗ್ಗದ ಹಾಳೆಗಳಲ್ಲಿ ನಡೆದು, ಇಂದು ಮನೆಮನೆಯ ಪರದೆಯ ಮೇಲೆ ಚಿತ್ರಮಾಲೆಯಾಗಿಯೂ ಕಿವಿಯಲ್ಲಿ ಪಾಡ್‌ಕಾಸ್ಟಾಗಿಯೂ ನಡೆದಿರುವ ಈ ವಿನೋದದಲ್ಲಿ ಸತ್ತವನು ಒಮ್ಮೆ ಬದುಕಿದ್ದವನು. ಅವನ ತಾಯಿ ಎಲ್ಲಿಯೋ ಒಂದು ಮನೆಯಲ್ಲಿ ಇನ್ನೂ ಕುಳಿತಿರಬಹುದು. ಅವರಿಗೆ ಇದರಲ್ಲಿ ಸಲ್ಲುವ ಪಾಲೇನು ಎಂಬುದು ವಿಚಾರ ಮಾಡತಕ್ಕ ವಿಷಯ.

ಇದು ಹೊಸ ಕಾಲದ ರೋಗವೆಂದು ಹಿರಿಯರು ಹೇಳುವುದುಂಟು. ಆ ಮಾತು ಸರಿಯಲ್ಲ. ಇಂಗ್ಲೆಂಡಿನ ಸಫೊಕ್ ಪ್ರಾಂತದಲ್ಲಿ ಪೋಲ್‌ಸ್ಟೆಡ್ ಎಂಬ ಹಳ್ಳಿಯಿದೆ. 1827ನೆಯ ಇಸವಿಯ ಮೇ ತಿಂಗಳಲ್ಲಿ ಆ ಊರಿನ ಮರಾಯಾ ಮಾರ್ಟನ್ ಎಂಬ ಯುವತಿ, ಮದುವೆಯಾಗೋಣ ಬಾ ಎಂದು ಕರೆದ ವಿಲಿಯಂ ಕಾರ್ಡರನ ಮಾತನ್ನು ನಂಬಿ, ಊರವರು ‘ಕೆಂಪು ಕಣಜ’ವೆಂದು ಕರೆಯುತ್ತಿದ್ದ ಕಟ್ಟಡಕ್ಕೆ ಹೋದವಳು ಹಿಂದಿರುಗಲಿಲ್ಲ. ಮಾರನೆಯ ವರ್ಷ ಆ ಕಣಜದ ನೆಲದಡಿಯಲ್ಲಿಯೇ ಆಕೆಯ ದೇಹ ಸಿಕ್ಕಿತು. 1828ರ ಆಗಸ್ಟ್ 11ರಂದು ಕಾರ್ಡರನನ್ನು ಬರಿ ಸೇಂಟ್ ಎಡ್ಮಂಡ್ಸ್ ಪಟ್ಟಣದಲ್ಲಿ ಬಹಿರಂಗವಾಗಿ ಗಲ್ಲಿಗೇರಿಸಿದರು. ವಿಚಾರಣೆ ಮುಗಿಯುವುದಕ್ಕೆ ಮೊದಲೇ ಜಾತ್ರೆಗಳಲ್ಲಿ ಈ ಕಥೆಯನ್ನು ಆಡಿ ತೋರಿಸುತ್ತಿದ್ದರು. ಕಾರ್ಡರನ ‘ಕಡೆಯ ಮಾತು’ಗಳನ್ನು ಅಚ್ಚುಹಾಕಿದ ಒಂಟಿಹಾಳೆಗಳು ಹತ್ತು ಲಕ್ಷಕ್ಕೂ ಮೀರಿ ಮಾರಾಟವಾದುವೆಂದು ಆ ವ್ಯಾಪಾರದ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಕಣಜದ ಹಲಗೆಗಳನ್ನು ಜನ ಕಿತ್ತು ಒಯ್ದರು. ಅವುಗಳಿಂದ ಹಲ್ಲುಕಡ್ಡಿ ಮಾಡಿ ಮಾರಿದರಂತೆ. ನೇಣಿನ ಹಗ್ಗ ತುಂಡುತುಂಡಾಗಿ ಬಿಕರಿಯಾಯಿತು. ಕಾರ್ಡರನ ಚರ್ಮವನ್ನೇ ಹದಮಾಡಿ ಅವನ ವಿಚಾರಣೆಯ ವೃತ್ತಾಂತವುಳ್ಳ ಪುಸ್ತಕಕ್ಕೆ ಹೊದಿಕೆ ಹಾಕಿದರು. ಅದು ಆ ಪಟ್ಟಣದ ಮಾಯ್ಸಸ್ ಹಾಲ್ ವಸ್ತುಸಂಗ್ರಹಾಲಯಕ್ಕೆ ಸೇರಿತು.

ಇಷ್ಟನ್ನೂ ಕೊಂದವನ ಮೇಲಿನ ರೋಷವೆಂದು ಹೇಳಿ ಹೇಗೋ ಕ್ಷಮಿಸಬಹುದು. ಮರಾಯಳ ಸಮಾಧಿಯ ಕಲ್ಲಿನ ವಿಚಾರಕ್ಕೆ ಆ ಸಮಾಧಾನವೂ ಇಲ್ಲ. ಪೋಲ್‌ಸ್ಟೆಡ್ಡಿನ ಚರ್ಚಿನ ಅಂಗಳದಲ್ಲಿ ನಿಲ್ಲಿಸಿದ್ದ ಆ ಕಲ್ಲನ್ನು ನೋಡಲು ಬಂದವರು ನೆನಪಿಗೆಂದು ಒಬ್ಬೊಬ್ಬರೂ ಒಂದೊಂದು ಚಕ್ಕೆಯನ್ನು ಎಬ್ಬಿಸಿ ಒಯ್ದು, ಕಡೆಗೆ ಕಲ್ಲೇ ಇಲ್ಲದಂತಾಯಿತು. ಯಾರೂ ದ್ವೇಷದಿಂದ ಹಾಗೆ ಮಾಡಿದವರಲ್ಲ. ಬಂದವರೆಲ್ಲ ಆಕೆಗಾಗಿ ಒಂದು ನಿಟ್ಟುಸಿರನ್ನಾದರೂ ಬಿಟ್ಟಿರಬೇಕು. ನಿಟ್ಟುಸಿರು ಬಿಟ್ಟು, ಚಕ್ಕೆ ಎಬ್ಬಿಸಿಕೊಂಡು, ಮನೆಗೆ ಹೋದರು. ಕಾರ್ಡರನ ಅಸ್ಥಿಪಂಜರಕ್ಕಾದರೋ, ವೈದ್ಯಶಾಲೆಯ ಪಾಠಕ್ಕೆ ಒದಗಿ, ಮುಂದೆ ವಸ್ತುಸಂಗ್ರಹಾಲಯವೊಂದರಲ್ಲಿ ಕಾಲ ಕಳೆದು, 2004ರಲ್ಲಿ ದಹನಸಂಸ್ಕಾರ ಲಭಿಸಿತು.

ಇದಾದ ಅರುವತ್ತು ವರ್ಷಗಳ ಮೇಲೆ ಲಂಡನ್ ನಗರದ ಪೂರ್ವಭಾಗದಲ್ಲಿ, ವೈಟ್‌ಚಾಪೆಲ್ ಎಂಬ ಬಡಜನರ ನೆಲೆಯಲ್ಲಿಯೂ ಅದರ ಆಸುಪಾಸಿನಲ್ಲಿಯೂ ನಡೆದ ಕೊಲೆಗಳನ್ನು ಅರಿಯದವರಿಲ್ಲ. 1888ರ ಆಗಸ್ಟ್ 31ರಿಂದ ನವೆಂಬರ್ 9ರ ವರೆಗಿನ ಹತ್ತು ವಾರಗಳಲ್ಲಿ ಐದು ಮಂದಿ ಹೆಂಗಸರು ಒಬ್ಬನೇ ಕೊಲೆಪಾತಕನ ಕೈಯಲ್ಲಿ ಸತ್ತರೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಸೆಪ್ಟೆಂಬರ್ 8ರ ಮುಂಜಾನೆ ಹ್ಯಾನ್‌ಬರಿ ಬೀದಿಯ 29ನೆಯ ನಂಬರಿನ ಮನೆಯ ಹಿತ್ತಿಲಿನಲ್ಲಿ ಆನಿ ಚಾಪ್‌ಮನ್ ಎಂಬಾಕೆಯ ಹೆಣ ಸಿಕ್ಕಿದಾಗ ಜನ ಸಾವಿರಗಟ್ಟಲೆಯಾಗಿ ಬಂದು ಕವಿದರು. ನೆರೆಮನೆಯವರು ತಮ್ಮ ಹಿಂಬದಿಯ ಕಿಟಕಿಗಳಿಂದ ಆ ಹಿತ್ತಿಲನ್ನು ತೋರಿಸುವುದಕ್ಕೆ ತಲೆಗಿಷ್ಟೆಂದು ಕಾಸು ತೆಗೆದುಕೊಂಡರು. ಹೆಣವನ್ನು ಆಗಲೇ ಸಾಗಿಸಿಯಾಗಿದ್ದಿತು. ನೋಡುವುದಕ್ಕೆ ಉಳಿದಿದ್ದುದು ಕಲ್ಲುಹಾಸು, ಮೆಟ್ಟಿಲು, ಒಂದು ಬೇಲಿ. ಬೀದಿಯಲ್ಲಿ ತಳ್ಳುಗಾಡಿಯವರು ಹಣ್ಣುಹಂಪಲು ತಿಂಡಿತೀರ್ಥಗಳನ್ನು ಮಾರಿದರು. ತೇರೊಂದನ್ನುಳಿದು ಜಾತ್ರೆಗೆ ಬೇಕಾದುದೆಲ್ಲವೂ ಅಲ್ಲಿ ಕೂಡಿಬಂದಿದ್ದಿತು. ವೈಟ್‌ಚಾಪೆಲ್ ರಸ್ತೆಯಲ್ಲಿ ಸತ್ತವರ ಮೇಣದ ಬೊಂಬೆಗಳನ್ನು ಮಾಡಿ ಪ್ರದರ್ಶನಕ್ಕಿಟ್ಟರು. ಚಿತ್ರಪತ್ರಿಕೆಗಳು ವಾರವಾರವೂ ಮುಖಪುಟದಲ್ಲಿ ಗಾಯಗಳನ್ನು ಬರೆದು ತೋರಿಸಿದುವು.

ಕೊಂದವನು ಸಿಕ್ಕಲಿಲ್ಲ. ಸಿಕ್ಕದವನಿಗೆ ಹೆಸರು ಮಾತ್ರ ಸಿಕ್ಕಿತು. ಸೆಪ್ಟೆಂಬರ್ 25ರ ತಾರೀಖು ಹಾಕಿ, ‘ಜ್ಯಾಕ್ ದಿ ರಿಪ್ಪರ್’ ಎಂದು ರುಜು ಮಾಡಿದ ಕಾಗದವೊಂದು ಸುದ್ದಿ ಸಂಸ್ಥೆಯೊಂದಕ್ಕೆ ಬಂದಿತು. ಅದನ್ನು ಬರೆದವನು ಕೊಲೆಗಾರನಲ್ಲ, ಯಾವನೋ ಪತ್ರಿಕೆಯವನೇ ಇರಬೇಕೆಂದು ಪೋಲೀಸು ಅಧಿಕಾರಿಗಳೇ ಮುಂದೆ ಹೇಳಿದರು. ಹಾಗಾದರೆ ಆ ಹೆಸರನ್ನು ಇಟ್ಟವರು ಅದನ್ನು ಮಾರಿಕೊಂಡವರೇ. ಆದರೂ ಹೆಸರು ನಿಂತಿತು, ಬೆಳೆಯಿತು, ನಾಟಕ ಕಾದಂಬರಿ ಸಿನಿಮಾಗಳಾಗಿ ಹರಡಿತು. ಅವನು ವೈದ್ಯನೋ, ಚಿತ್ರಕಾರನೋ, ರಾಜವಂಶದವನೋ ಎಂದು ಊಹಿಸಿ ಪುಸ್ತಕ ಬರೆಯುವುದು ಒಂದು ಕಸುಬೇ ಆಯಿತು. ಐವರು ಹೆಂಗಸರ ಹೆಸರನ್ನು ಅನುಕ್ರಮವಾಗಿ ಹೇಳಬಲ್ಲವರನ್ನು ಮಾತ್ರ ಹುಡುಕಿ ತರಬೇಕು.

ಇಲ್ಲಿ ಎದುರು ಪಕ್ಷದ ವಾದವನ್ನೂ ಕೇಳುವುದು ನ್ಯಾಯ. ಕುತೂಹಲವೆಂಬುದು ಕೇವಲ ಹೀನವಾದ ಗುಣವಾಗಿದ್ದರೆ ನ್ಯಾಯಾಲಯಗಳೇ ಇರುತ್ತಿರಲಿಲ್ಲ. ಯಾರು, ಏಕೆ, ಹೇಗೆ ಎಂದು ಕೇಳುವವರಿಲ್ಲದ ಊರಿನಲ್ಲಿ ಕೊಲೆಗಾರನಿಗೇ ಸುಖ. 1888ರ ಗದ್ದಲದಿಂದ ಲಂಡನ್ನಿನ ಸಿರಿವಂತರ ಕಣ್ಣು ಬಡವರ ಕೊಳಕುಕೇರಿಗಳ ಮೇಲೆ ಬಿದ್ದುದು ನಿಜ. ಬರ್ನಾರ್ಡ್ ಷಾ ಮಹಾಶಯನು ಆ ಸೆಪ್ಟೆಂಬರಿನಲ್ಲಿಯೇ ‘ದಿ ಸ್ಟಾರ್’ ಪತ್ರಿಕೆಗೆ ಕಾಗದ ಬರೆದು, ಸಮಾಜ ಸುಧಾರಕರು ಎಷ್ಟೋ ಕಾಲದಿಂದ ಬಾಯಿ ಬಡಿದುಕೊಂಡು ಮಾಡಲಾಗದ ಕೆಲಸವನ್ನು ಒಬ್ಬ ಕೊಲೆಗಡುಕನು ಮಾಡಿಬಿಟ್ಟನೆಂದು ಕಹಿಯಾಗಿ ನಕ್ಕನು. ಇಂದಿಗೂ ಇಂಥ ಕಥೆಗಳನ್ನು ಆಸಕ್ತಿಯಿಂದ ಕೇಳುವವರಲ್ಲಿ ಹೆಂಗಸರು ಬಹು ಮಂದಿ. ಅಪಾಯದ ರೂಪವನ್ನು ಮೊದಲೇ ಅರಿತಿರಬೇಕೆಂಬ ಎಚ್ಚರ ಅವರಲ್ಲಿ ಕೆಲವರನ್ನಾದರೂ ಅತ್ತ ಎಳೆಯುವುದೆಂದರೆ ತಪ್ಪಾಗದು. ಹಾಗೆಂದು ಓದುವವರನ್ನೆಲ್ಲ ರಾಕ್ಷಸರೆಂದು ಬೈಯುವುದು ಸುಲಭ, ಪ್ರಯೋಜನವಿಲ್ಲದ ಕೆಲಸ.

ಪ್ರಾಚೀನರು ಈ ಬಗೆಯ ರಸಾಸ್ವಾದವನ್ನು ಕುರಿತು ಸಾಕಷ್ಟು ಚಿಂತಿಸಿದ್ದರು. ದುಃಖವನ್ನು ಕಂಡು ಸಂತೋಷವಾಗುವುದು ಹೇಗೆ ಎಂಬ ಪ್ರಶ್ನೆಗೆ ಆಲಂಕಾರಿಕರು ಕೊಟ್ಟ ಉತ್ತರ ಸಾಧಾರಣೀಕರಣವೆಂಬುದು. ರಂಗದ ಮೇಲಿನ ಸೀತೆಯ ಶೋಕ, ಒಬ್ಬಾಕೆಯದೆಂಬ ಗಡಿಯನ್ನು ದಾಟಿ, ದೇಶಕಾಲಗಳ ಹಂಗನ್ನು ಬಿಟ್ಟು, ಸಹೃದಯರೆಲ್ಲರದಾಗುತ್ತದೆ; ಆಗ ಅದು ರಸ. ಕಾವ್ಯಕ್ಕೆ ಇದು ಸರಿಯಾದ ಮಾತು. ಆದರೆ ನಿನ್ನೆಮೊನ್ನೆ ಬೀದಿಯಲ್ಲಿ ಸತ್ತ ಹೆಂಗಸಿನ ಮೇಲೆ ಇದೇ ಕ್ರಿಯೆಯನ್ನು ನಡೆಸಿದರೆ ಏನಾಗುತ್ತದೆ? ಮೊದಲು ಕಳಚಿ ಬೀಳುವುದು ಆಕೆಯ ದೇಶ, ಕಾಲ, ಹೆಸರು, ಅಭ್ಯಾಸಗಳು. ಎಂದರೆ, ಬಡವಳಾದ ಆಕೆಗಿದ್ದ ಆಸ್ತಿಯೆಲ್ಲವೂ. ಉಳಿಯುವುದು ‘ಹತಳಾದ ಸ್ತ್ರೀ’ ಎಂಬ ಒಂದು ಬೊಂಬೆ. ಬೊಂಬೆಯನ್ನು ನೋಡಿ ಬರುವ ಕಣ್ಣೀರು ಬೊಂಬೆಗೇ ಸಲ್ಲತಕ್ಕದ್ದು. ಭರತನ ನಾಟ್ಯಶಾಸ್ತ್ರದಲ್ಲಿ ಯುದ್ಧ, ಮರಣ, ನಗರದ ಮುತ್ತಿಗೆ ಮೊದಲಾದುವನ್ನು ರಂಗದ ಮೇಲೆ ಪ್ರತ್ಯಕ್ಷವಾಗಿ ತೋರಿಸಬಾರದು, ಬೇರೆಯವರ ಮಾತಿನ ಮೂಲಕ ಸೂಚಿಸಬೇಕು ಎಂದು ನಿಯಮವಿದೆ. ಇದನ್ನು ಬರಿಯ ಮಡಿವಂತಿಕೆಯೆಂದು ನಗುವವರುಂಟು. ಕಲ್ಪಿತ ಪಾತ್ರದ ಸಾವಿಗೇ ಇಷ್ಟು ಮರ್ಯಾದೆಯನ್ನು ವಿಧಿಸಿದವನು ನಿಜವಾದ ಹೆಣದ ಛಾಯಾಚಿತ್ರವನ್ನು ಪುಸ್ತಕದ ನಡುವೆ ಕಂಡಿದ್ದರೆ ಏನೆನ್ನುತ್ತಿದ್ದನೋ!

ಕನ್ನಡದ ಹಾಡುಗಬ್ಬಗಳಿಗೆ ಶಾಸ್ತ್ರ ತಿಳಿಯದು. ಆದರೂ ಅವು ಹಿಡಿದ ದಾರಿ ಗಮನಿಸತಕ್ಕದ್ದು. ಗೋವಿನ ಹಾಡನ್ನು ಕೇಳಿ ಬೆಳೆದ ಯಾವ ಮಗುವನ್ನು ಕೇಳಿದರೂ ಪುಣ್ಯಕೋಟಿಯ ಹೆಸರು ಹೇಳುತ್ತದೆ. ಹುಲಿಗೂ ಅಲ್ಲಿ ಅರ್ಬುತನೆಂಬ ಹೆಸರಿದೆ. ಅದನ್ನು ಎಷ್ಟು ಜನ ನೆನಪಿನಲ್ಲಿಟ್ಟಿದ್ದಾರೆ? ಹಾಡು ಹಸುವಿನ ಜೊತೆಯಲ್ಲಿ ದೊಡ್ಡಿಗೆ ಹೋಗಿ ಬರುತ್ತದೆ, ಕರುವಿಗೆ ಕಡೆಯ ಸಲ ಹಾಲೂಡುವಾಗ ಪಕ್ಕದಲ್ಲಿ ನಿಲ್ಲುತ್ತದೆ. ‘ಕೆರೆಗೆ ಹಾರ’ದಲ್ಲಿಯೂ ಹಾಗೆಯೇ. ನೀರಿಲ್ಲದ ಕೆರೆಗೆ ಕಿರಿಯ ಸೊಸೆಯನ್ನು ಬಲಿಕೊಡಬೇಕೆಂದು ನಿಶ್ಚಯಿಸಿದ ಮಾವನ ಮನಸ್ಸಿನೊಳಕ್ಕೆ ಹಾಡು ಹೋಗುವುದಿಲ್ಲ. ತವರಿಗೆ ಹೋಗಿ ನಿಜವನ್ನು ಹೇಳಲಾರದೆ ಮರೆಮಾಚಿ, ಗೆಳತಿಯೊಬ್ಬಳ ಮುಂದೆ ಮಾತ್ರ ಬಾಯಿಬಿಟ್ಟು, ಹಿಂದಿರುಗಿ ಬಂದು ಮನೆಗೆಲಸಕ್ಕೆ ತೊಡಗುವ ಭಾಗೀರಥಿಯ ಕಾಲ ಹಿಂದೆಯೇ ಅದು ನಡೆಯುತ್ತದೆ. ನೀರು ಏರುವಾಗ ಕೂಡ ಹಾಡು ಕೆರೆಯ ದಡದಲ್ಲಿ ನಿಂತು ನೋಡದೆ ಅವಳೊಡನೆ ನೀರಿನಲ್ಲಿಯೇ ನಿಂತಿರುತ್ತದೆ.

ಅದೇ ರೀತಿಯಲ್ಲಿ ಲಂಡನ್ನಿನ ಐವರ ಜೊತೆಗೆ ಸ್ವಲ್ಪ ದೂರ ನಡೆದು ನೋಡಬಹುದು.

ಮೇರಿ ಆನ್ ನಿಕಲ್ಸ್ 1845ರಲ್ಲಿ ಲಂಡನ್ನಿನಲ್ಲಿಯೇ ಕಬ್ಬಿಣದ ಕೆಲಸಗಾರನೊಬ್ಬನ ಮಗಳಾಗಿ ಹುಟ್ಟಿದವಳು. 1864ರಲ್ಲಿ ಮುದ್ರಣಾಲಯದ ಕೆಲಸಗಾರನನ್ನು ಮದುವೆಯಾಗಿ ಐದು ಮಕ್ಕಳ ತಾಯಿಯಾದಳು. ದುಡಿಯುವ ಜನರಿಗಾಗಿ ಪೀಬಾಡಿ ಧರ್ಮನಿಧಿಯವರು ಕಟ್ಟಿಸಿದ್ದ ಅಚ್ಚುಕಟ್ಟಾದ ಮನೆಗಳಲ್ಲಿ ಒಂದರಲ್ಲಿ ಸಂಸಾರ ನಡೆದಿದ್ದಿತು. 1880ರಲ್ಲಿ ಸಂಸಾರ ಮುರಿಯಿತು. ಹೆಂಡತಿಯ ಕುಡಿತ ಕಾರಣವೆಂದು ಗಂಡನೂ, ಗಂಡನ ನಡತೆ ಕಾರಣವೆಂದು ಅವಳ ತಂದೆಯೂ ಹೇಳಿದರು. ಆಮೇಲೆ ಅನಾಥರನ್ನು ದುಡಿಸಿ ಗಂಜಿ ಹಾಕುವ ‘ವರ್ಕ್‌ಹೌಸ್’ಗಳ ಬಾಳು. 1888ರ ವಸಂತದಲ್ಲಿ ವಾಂಡ್ಸ್‌ವರ್ತ್ ಎಂಬಲ್ಲಿ ಒಂದು ಮನೆಯಲ್ಲಿ ಕೆಲಸ ಸಿಕ್ಕಿದಾಗ ತಂದೆಗೆ ಕಾಗದ ಬರೆದಳು: ಮನೆ ದೊಡ್ಡದು, ಮುಂದೆಯೂ ಹಿಂದೆಯೂ ಮರಗಳೂ ತೋಟಗಳೂ ಇವೆ, ಮನೆಯವರು ದೇವರಿಗೆ ಅಂಜುವ ಜನ, ಕುಡಿತವನ್ನು ಮುಟ್ಟದವರು, ತಾನು ಇಲ್ಲಿ ನೆಲೆ ನಿಲ್ಲಬೇಕು ಎಂಬುದು ಅದರ ಸಾರ. ನೆಲೆ ನಿಲ್ಲಲಿಲ್ಲ, ಎರಡು ತಿಂಗಳಲ್ಲಿ ಮನೆಯವರ ಬಟ್ಟೆಗಳನ್ನು ತೆಗೆದುಕೊಂಡು ಹೊರಟುಹೋದಳು. ನಲವತ್ತಮೂರನೆಯ ಹುಟ್ಟುಹಬ್ಬ ಕಳೆದು ಐದನೆಯ ದಿನ, ರಾತ್ರಿ ಮಲಗುವುದಕ್ಕೆ ಬೇಕಾದ ನಾಲ್ಕು ಪೆನ್ನಿಯಿಲ್ಲದೆ ಧರ್ಮಛತ್ರದಂಥ ಬಾಡಿಗೆ ಕೊಟ್ಟಡಿಯಿಂದ ಅವಳನ್ನು ಹೊರಗೆ ಕಳುಹಿಸಿದರು. ಆಗ ಅವಳ ತಲೆಯ ಮೇಲೆ ಹೊಸದೊಂದು ಟೋಪಿಯಿದ್ದಿತು. ಅದನ್ನು ತೋರಿಸಿ ನಕ್ಕು, ಹಣ ಬೇಗನೆ ಸಂಪಾದಿಸಿ ಬರುವುದಾಗಿ ಹೇಳಿ ಹೋದಳು. ಅವಳ ಹೆಣ ಸಿಕ್ಕಿದ ಬೀದಿಗೆ ಆಮೇಲೆ ಎಷ್ಟು ಅಪಕೀರ್ತಿ ಬಂದಿತೆಂದರೆ, 1892ರಲ್ಲಿ ಬೀದಿಯ ಹೆಸರನ್ನೇ ಬದಲಾಯಿಸಿದರು. ಬೀದಿಗೆ ಆ ಅನುಕೂಲವಿದ್ದಿತು.

ಎಲಿಜಬೆತ್ ಸ್ಟ್ರೈಡ್ ಸ್ವೀಡನ್ ದೇಶದವಳು. ಗೋಥೆನ್‌ಬರ್ಗ್ ಬಳಿಯ ರೈತರ ಮನೆಯಲ್ಲಿ 1843ರಲ್ಲಿ ಹುಟ್ಟಿದವಳು. ಮನೆಗೆಲಸಕ್ಕೆ ನಗರಕ್ಕೆ ಬಂದವಳ ಹೆಸರು 1865ರಲ್ಲಿ ಪೋಲೀಸರ ವೇಶ್ಯೆಯರ ಪಟ್ಟಿಗೆ ಸೇರಿತು. ಅದೇ ವರ್ಷ ಅವಳಿಗೆ ಸತ್ತ ಹೆಣ್ಣುಮಗು ಹುಟ್ಟಿತು. ಲಂಡನ್ನಿಗೆ ಬಂದು ಬಡಗಿಯೊಬ್ಬನನ್ನು ಮದುವೆಯಾಗಿ ಇಬ್ಬರೂ ಸೇರಿ ಒಂದು ಕಾಫಿ ಅಂಗಡಿ ನಡೆಸಿದರು, ಅದೂ ನಿಲ್ಲಲಿಲ್ಲ. 1878ರಲ್ಲಿ ಥೇಮ್ಸ್ ನದಿಯಲ್ಲಿ ‘ಪ್ರಿನ್ಸೆಸ್ ಆಲಿಸ್’ ಎಂಬ ಹಡಗು ಮುಳುಗಿ ಆರುನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಗಂಡನೂ ಮಕ್ಕಳೂ ಅದರಲ್ಲಿಯೇ ತೀರಿಹೋದರೆಂದು ಆಕೆ ಹೇಳಿಕೊಳ್ಳುತ್ತಿದ್ದಳು. ಅದು ಸುಳ್ಳು. ಸಾಮಾನ್ಯವಾದ ದಾರಿದ್ರ್ಯಕ್ಕೆ ಯಾರೂ ಕಿವಿಗೊಡುವುದಿಲ್ಲವೆಂದು ತಿಳಿದಿದ್ದ ಹೆಂಗಸು ಎಲ್ಲರೂ ಬಲ್ಲ ಒಂದು ದೊಡ್ಡ ದುರಂತದ ಆಸರೆ ಹಿಡಿದಳೆಂದು ಊಹಿಸಬಹುದು. ಸಾವಿನ ಕಥೆಗೆ ಮಾರುಕಟ್ಟೆಯಲ್ಲಿರುವ ಬೆಲೆಯನ್ನು ಆಕೆಯೂ ಅರಿತಿದ್ದಳು.

ಕ್ಯಾಥರಿನ್ ಎಡ್ಡೋಸಳ ವಿಷಯದಲ್ಲಿ ಇದಕ್ಕಿಂತಲೂ ವಿಚಿತ್ರವಾದ ಸಂಗತಿಯಿದೆ. ತಗಡಿನ ಕೆಲಸಗಾರನ ಮಗಳಾದ ಈಕೆ ಸೈನ್ಯದಿಂದ ಪಿಂಚಣಿ ಪಡೆಯುತ್ತಿದ್ದ ಥಾಮಸ್ ಕಾನ್ವೇ ಎಂಬವನೊಡನೆ ಬಹುಕಾಲ ಬಾಳಿದಳು. ಅವನ ಹೆಸರಿನ ಮೊದಲಕ್ಷರಗಳನ್ನು ತೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡಿದ್ದಳು. ಇಬ್ಬರೂ ಊರೂರು ತಿರುಗಿ ಅಗ್ಗದ ಕಿರುಹೊತ್ತಗೆಗಳನ್ನು ಮಾರುತ್ತಿದ್ದರು. 1866ರಲ್ಲಿ ಸ್ಟಾಫರ್ಡ್ ಪಟ್ಟಣದಲ್ಲಿ ಆಕೆಯ ಬಂಧುವೊಬ್ಬನನ್ನು ಕೊಲೆಗಾಗಿ ಗಲ್ಲಿಗೇರಿಸಿದಾಗ ಅದರ ಮೇಲೆ ಕಟ್ಟಿದ ಲಾವಣಿಯನ್ನು ಸುತ್ತ ನೆರೆದ ಜನರಿಗೆ ಇವರೇ ಮಾರಿದರೆಂದು ಆ ಸೀಮೆಯಲ್ಲಿ ಒಂದು ಪ್ರತೀತಿಯುಂಟು. ಪ್ರತೀತಿ ನಿಜವಾದರೆ, ಕೊಲೆಯ ಕಥೆಯನ್ನು ಕೊಳ್ಳುವ ಜನರ ಮುಖವನ್ನು ಅವಳು ಮಾರುವವರ ಕಡೆಯಿಂದ ನೋಡಿದ್ದವಳು. 1888ರ ಸೆಪ್ಟೆಂಬರಿನಲ್ಲಿ ಆಗಿನ ಸಂಗಾತಿಯೊಡನೆ ಕೆಂಟ್ ಪ್ರಾಂತಕ್ಕೆ ಹಾಪ್ ಹೂವಿನ ಕೊಯ್ಲಿಗೆ ಹೋಗಿ ಬರಿಗೈಯಲ್ಲಿ ಹಿಂದಿರುಗಿದ್ದಳು. ಸೆಪ್ಟೆಂಬರ್ 30ರ ನಸುಕಿನಲ್ಲಿ, ಪೋಲ��ಸು ಠಾಣೆಯಿಂದ ಬಿಡುಗಡೆಯಾಗಿ ಒಂದು ಗಂಟೆಯೊಳಗಾಗಿ, ಅವಳು ಸತ್ತಳು. ಅವಳ ಬಳಿ ಸಿಕ್ಕಿದ ಪದಾರ್ಥಗಳ ಯಾದಿಯನ್ನು ಪೋಲೀಸರು ಬರೆದಿಟ್ಟಿದ್ದಾರೆ. ಮನೆಯಿಲ್ಲದ ಹೆಂಗಸು ಮನೆಯನ್ನೇ ಮೈಮೇಲೆ ಹೊತ್ತಿದ್ದಳು: ಚಹದ ಪುಡಿಗೆ ಒಂದು ತಗಡಿನ ಡಬ್ಬಿ, ಸಕ್ಕರೆಗೆ ಇನ್ನೊಂದು, ಆರು ಚೂರು ಸಾಬೂನು, ಒಂದು ಬಾಚಣಿಗೆ, ಒಂದು ಚಮಚ, ಬಿಳಿ ಹಿಡಿಯ ಒಂದು ಚಾಕು, ಕೆಂಪು ಫ್ಲಾನಲ್ ತುಂಡಿನಲ್ಲಿ ಚುಚ್ಚಿಟ್ಟ ಸೂಜಿಗಳೂ ಗುಂಡುಸೂಜಿಗಳೂ, ಹನ್ನೆರಡು ಅರಿವೆಯ ತುಂಡುಗಳು, ಒಂದೇ ಒಂದು ಕೈಚೀಲ, ಅದರ ಜೋಡಿಯಿಲ್ಲ, ಮುರಿದ ಕನ್ನಡಕದ ಭಾಗ, ಖಾಲಿಯಾದ ಬೆಂಕಿಪೆಟ್ಟಿಗೆ, ಸಾಸಿವೆಯ ಡಬ್ಬಿಯೊಂದರಲ್ಲಿ ಎರಡು ಒತ್ತೆಚೀಟಿಗಳು. ಒಂದು ಚೀಟಿ ಎರಡೂವರೆ ಷಿಲಿಂಗಿಗೆ ಒತ್ತೆಯಿಟ್ಟ ಒಂದು ಜೊತೆ ಬೂಟ್ಸಿನದು. ಸಂಗಾತಿಯ ಬೂಟ್ಸನ್ನು ಒತ್ತೆಯಿಟ್ಟು ಇಬ್ಬರೂ ಊಟ ಮಾಡಿದ್ದರು. ಪತ್ರಿಕೆಯಲ್ಲಿ ಆ ಚೀಟಿಗಳ ಸುದ್ದಿ ಓದಿಯೇ ಅವನು ಬಂದು ಗುರುತು ಹೇಳಿದನು. ಪತ್ರಿಕೆಗಳು ಮಾಡಿದ ಉಪಕಾರವನ್ನೂ ಹೇಳದಿರಬಾರದು.

ಮೇರಿ ಜೇನ್ ಕೆಲ್ಲಿಯ ವಿಚಾರ ಹೆಚ್ಚೇನೂ ತಿಳಿಯದು. ಸುಮಾರು ಇಪ್ಪತ್ತೈದರ ಪ್ರಾಯ. ಐರ್ಲೆಂಡಿನಲ್ಲಿ ಹುಟ್ಟಿ ವೇಲ್ಸಿನಲ್ಲಿ ಬೆಳೆದೆನೆಂದು ಹೇಳುತ್ತಿದ್ದಳು. ಆ ಹೆಸರು ಕೂಡ ನಿಜವೋ ಅಲ್ಲವೋ. ಕೊಠಡಿಯ ಬಾಡಿಗೆ 29 ಷಿಲಿಂಗು ಬಾಕಿಯಿದ್ದಿತು. ಅವಳನ್ನು ಮಣ್ಣುಮಾಡುವಾಗ ಬೀದಿಗಳಲ್ಲಿ ಸಾವಿರಾರು ಜನ ಸೇರಿದರೂ ಬಂಧುವೆಂದು ಮುಂದೆ ಬಂದವರು ಒಬ್ಬರೂ ಇರಲಿಲ್ಲ; ಚರ್ಚಿನ ಪರಿಚಾರಕನೊಬ್ಬನು ವೆಚ್ಚವನ್ನು ವಹಿಸಿಕೊಂಡನು. ಲೋಕಕ್ಕೆ ಅವಳ ಒಂದೇ ಒಂದು ರೂಪ ಪರಿಚಿತವಾಗಿರುವುದು: ಆ ಕೊಠಡಿಯಲ್ಲಿ ಮರಣಾನಂತರ ಪೋಲೀಸರಿಗಾಗಿ ತೆಗೆದ ಛಾಯಾಚಿತ್ರ. ಅದನ್ನು ಅಚ್ಚುಹಾಕಿದ ಪುಸ್ತಕಗಳಿಗೆ ಲೆಕ್ಕವಿಲ್ಲ.

ಈ ಐವರ ಬಾಳನ್ನು ಹುಡುಕಿ ಕಲೆಹಾಕಿದವಳು ಹ್ಯಾಲೀ ರೂಬೆನ್‌ಹೋಲ್ಡ್ ಎಂಬ ಚರಿತ್ರಕಾರ್ತಿ. 2019ರಲ್ಲಿ ಪ್ರಕಟವಾಗಿ ಆ ವರ್ಷದ ಬೇಲೀ ಗಿಫರ್ಡ್ ಬಹುಮಾನವನ್ನು ಪಡೆದ ‘ದಿ ಫೈವ್’ ಎಂಬ ಆಕೆಯ ಗ್ರಂಥದಲ್ಲಿ ಕೊಲೆಗಳ ವರ್ಣನೆಯೇ ಇಲ್ಲ. ಐವರಲ್ಲಿ ಮೂವರು ವೇಶ್ಯೆಯರಾಗಿದ್ದರೆನ್ನುವುದಕ್ಕೆ ಆಧಾರವೇ ಇಲ್ಲವೆಂದು ಆಕೆ ವಾದಿಸಿದಳು. ಕೊಲೆಗಾರನ ಶೋಧನೆಯನ್ನೇ ವ್ಯಸನವಾಗಿ ಮಾಡಿಕೊಂಡವರಲ್ಲಿ ಹಲವರು ಇದಕ್ಕೆ ಕೋಪಗೊಂಡರು. ನೂರಮೂವತ್ತು ವರ್ಷಗಳಿಂದ ಕೊಲೆಗಾರನಿಗೆ ದಿನಕ್ಕೊಂದು ಹೊಸ ಮುಖ ತೊಡಿಸುತ್ತಿದ್ದವರಿಗೆ, ಸತ್ತವರ ಮುಖ ಸ್ವಲ್ಪ ಬದಲಾದುದು ಸಹನೆಯಾಗಲಿಲ್ಲವೆಂಬುದು ಸೋಜಿಗ. ಆದರೆ ಈ ವಾದದ ಅಂಚಿನಲ್ಲಿ ಇನ್ನೊಂದು ಅಪಾಯವೂ ಇದೆ. ‘ಪಾಪ, ಅವರು ಅಂಥವರಲ್ಲವಂತೆ’ ಎಂದು ಮರುಗುವ ಓದುಗನು, ಅಂಥವರಾಗಿದ್ದರೆ ಮರುಗುತ್ತಿರಲಿಲ್ಲವೇ? ಕೆಲ್ಲಿ ಆ ವೃತ್ತಿಯಿಂದಲೇ ಜೀವಿಸುತ್ತಿದ್ದಳು. ಸ್ಟ್ರೈಡಳ ಹೆಸರು ಒಮ್ಮೆ ಪಟ್ಟಿಯಲ್ಲಿದ್ದಿತು. ಕರುಣೆಗೆ ಮೊದಲು ಶೀಲದ ಯೋಗ್ಯತಾಪತ್ರವನ್ನು ಕೇಳುವುದಾದರೆ ಅದು ಬೇರೊಂದು ಬಗೆಯ ವಿಚಾರಣೆಯೇ ಹೊರತು ಕರುಣೆಯಲ್ಲ. ರೂಬೆನ್‌ಹೋಲ್ಡಳ ಗ್ರಂಥವೂ ಈ ಮಾತನ್ನು ಒಪ್ಪುತ್ತದೆ; ಆದರೆ ಓದುವವರು ಸುಲಭವಾದುದನ್ನೇ ಮೊದಲು ಹಿಡಿದುಕೊಳ್ಳುತ್ತಾರೆ.

ಇಂಗ್ಲೆಂಡಿನ ಜನರನ್ನು ದೂರಿ ಸುಮ್ಮನಾಗುವಂತೆಯೂ ಇಲ್ಲ. 1959ರ ಏಪ್ರಿಲ್ 27ರಂದು ಮುಂಬಯಿಯಲ್ಲಿ ನೌಕಾಪಡೆಯ ಅಧಿಕಾರಿ ನಾನಾವತಿ ಎಂಬವನು ಪ್ರೇಮ್ ಅಹೂಜನನ್ನು ಗುಂಡಿಟ್ಟು ಕೊಂದನಷ್ಟೆ. ಗುಂಡು ತಾಗುವಾಗ ಸ್ನಾನ ಮುಗಿಸಿ ಬಂದಿದ್ದ ಅಹೂಜನ ಮೈಮೇಲೆ ಟವೆಲೊಂದಿದ್ದಿತು. ಅದು ಕಳಚದೆ ಉಳಿದುದರಿಂದ ಕೈಕೈ ಮಿಲಾಯಿಸಿದ ಹೋರಾಟ ನಡೆದಿರಲಾರದೆಂದು ಸರ್ಕಾರದ ಕಡೆಯ ವಾದ. ವಿಚಾರಣೆ ನಡೆಯುತ್ತಿರುವಾಗಲೇ ಮುಂಬಯಿಯ ಬೀದಿಗಳಲ್ಲಿ ‘ಅಹೂಜಾ ಟವೆಲು’ಗಳನ್ನೂ ‘ನಾನಾವತಿ ರಿವಾಲ್ವರು’ ಎಂಬ ಆಟಿಕೆಗಳನ್ನೂ ಕೂಗಿ ಮಾರಿದರು. ಆ ಮೊಕದ್ದಮೆಯ ಪರವಾಗಿ ಟೊಂಕ ಕಟ್ಟಿ ನಿಂತ ‘ಬ್ಲಿಟ್ಸ್’ ವಾರಪತ್ರಿಕೆಯ ಇಪ್ಪತ್ತೈದು ಪೈಸೆಯ ಸಂಚಿಕೆ ಎರಡು ರೂಪಾಯಿಗೆ ಹೋಯಿತು. ಅದರ ಮೇಲೆ ಸಿನಿಮಾಗಳೂ ಬಂದುವು. 2016ರಲ್ಲಿ ‘ರುಸ್ತುಂ’ ಬಂದಿತು. ಸತ್ತವನಿಗೆ ಒಬ್ಬ ಸೋದರಿಯಿದ್ದಳು. ನ್ಯಾಯಾಲಯದಿಂದ ಮನೆಗೆ ಹೋಗುವ ದಾರಿಯಲ್ಲಿ ಆ ಟವೆಲುಗಳ ಕೂಗು ಆಕೆಯ ಕಿವಿಗೆ ಬಿದ್ದಿರಲಾರದೆಂದು ಹೇಳುವವರು ಯಾರು?

ಉಳಿದವರನ್ನು ಕೇಳಬೇಕೆಂಬ ಮಾತು ಇಲ್ಲಿ ಹುಟ್ಟುತ್ತದೆ. 1992ರಲ್ಲಿ ಅಮೆರಿಕದ ಮಿಲ್ವಾಕಿ ನಗರದ ನ್ಯಾಯಾಲಯದಲ್ಲಿ, ಹಲವು ಯುವಕರನ್ನು ಕೊಂದವನಿಗೆ ಶಿಕ್ಷೆ ವಿಧಿಸುವ ಹೊತ್ತಿನಲ್ಲಿ, ಹತನಾದ ಯುವಕನೊಬ್ಬನ ಅಕ್ಕ ದುಃಖದಿಂದ ಮೈಮರೆತು ಕೂಗಾಡಿದಳು. 2022ರಲ್ಲಿ ನೆಟ್‌ಫ್ಲಿಕ್ಸಿನ ಚಿತ್ರಮಾಲೆಯೊಂದರಲ್ಲಿ ನಟಿಯೊಬ್ಬಳು ಅಂಥದೇ ಉಡುಪು ತೊಟ್ಟು ಅದೇ ಮಾತುಗಳನ್ನು ಕೂಗಿದಳು. ತನ್ನನ್ನು ಯಾರೂ ಒಂದು ಮಾತು ಕೂಡ ಕೇಳಲಿಲ್ಲವೆಂದು ಅಕ್ಕ ಹೇಳಿಕೊಂಡಳು. ಕಾನೂನಿನ ಪ್ರಕಾರ ಕೇಳಬೇಕಾಗಿರಲಿಲ್ಲ. ನ್ಯಾಯಾಲಯದಲ್ಲಿ ಆಡಿದ ಮಾತು ಎಲ್ಲರ ಸೊತ್ತು. ಕಾನೂನು ಕೇಳಬೇಡವೆಂದೂ ಹೇಳಿರಲಿಲ್ಲ. ಭಾರತದಲ್ಲಿ ಮಾನಭಂಗಕ್ಕೊಳಗಾದವರ ಹೆಸರನ್ನು ಪ್ರಕಟಿಸಕೂಡದೆಂದು 1983ರಲ್ಲಿ ದಂಡಸಂಹಿತೆಗೆ 228ಎ ಎಂಬ ಕಲಮನ್ನು ಸೇರಿಸಿದರು. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮು ಅದನ್ನೇ ಮುಂದುವರಿಸಿದೆ. ಹೆಸರು ಯಾರದೋ ಅವರ ಇಚ್ಛೆಗೆ ಬೆಲೆಯುಂಟೆಂಬ ಭಾವನೆ ಅದರ ಹಿಂದಿದೆ. ಲಂಡನ್ನಿನ ಐವರಿಗೆ ಹೆಸರನ್ನು ಹಿಂದಕ್ಕೆ ಕೊಡುವುದು ಮರ್ಯಾದೆಯಾದರೆ, ಇವರಿಗೆ ಹೆಸರನ್ನು ಆಡದಿರುವುದೇ ಮರ್ಯಾದೆ. ಎರಡಕ್ಕೂ ಒಂದೇ ಸೂತ್ರ ಹಾಕಲಾಗದು. ಸತ್ತವರ ಕಡೆಯಲ್ಲಿ ನಿಂತು ನೋಡಿದರೆ ಯಾವುದು ಯಾವಾಗಲೆಂದು ಸಾಮಾನ್ಯವಾಗಿ ತಿಳಿಯುತ್ತದೆ. 2015ರಲ್ಲಿ ಲಂಡನ್ನಿನ ಕೇಬಲ್ ಬೀದಿಯಲ್ಲಿ, ಸ್ತ್ರೀಯರ ಚರಿತ್ರೆಯನ್ನು ತೋರಿಸುವ ಸಂಗ್ರಹಾಲಯವೆಂದು ಅನುಮತಿ ಪಡೆದು, ಬಾಗಿಲು ತೆರೆಯುವಾಗ ‘ಜ್ಯಾಕ್ ದಿ ರಿಪ್ಪರ್’ ಸಂಗ್ರಹಾಲಯವನ್ನು ತೆರೆದರು. ಊರಿನ ಹೆಂಗಸರು ಬೀದಿಗಿಳಿದು ಪ್ರತಿಭಟಿಸಿದರು. ಅವರು ನಿಂತಿದ್ದ ಕಡೆ ಯಾವುದೆಂಬುದರಲ್ಲಿ ಸಂಶಯವಿರಲಿಲ್ಲ.

ಐವರಲ್ಲಿ ಒಬ್ಬಳ ಬಾಳು ಇನ್ನೂ ಹೇಳದೆ ಉಳಿದಿದೆ. ಹ್ಯಾನ್‌ಬರಿ ಬೀದಿಯ ಹಿತ್ತಿಲಿನಲ್ಲಿ ಸಿಕ್ಕಿದ ಆನಿ ಚಾಪ್‌ಮನ್ ಅಶ್ವದಳದ ಸಿಪಾಯಿಯೊಬ್ಬನ ಮಗಳು. 1869ರಲ್ಲಿ ಸಾರೋಟಿನ ಸಾರಥಿಯೊಬ್ಬನನ್ನು ಮದುವೆಯಾದಳು. ಆಗ ದಂಪತಿಗಳು ತೆಗೆಸಿದ ಚಿತ್ರ ಉಳಿದುಬಂದಿದೆ. ಗಂಡನಿಗೆ ವಿಂಡ್ಸರ್ ಬಳಿಯ ಶ್ರೀಮಂತರ ಬಂಗಲೆಯಲ್ಲಿ ಕೆಲಸ, ವಾಸಕ್ಕೆ ಅಲ್ಲಿಯೇ ಮನೆ. ಒಬ್ಬ ಮಗ ಹುಟ್ಟು ಅಂಗವಿಕಲ. ಹಿರಿಯ ಮಗಳು ಎಮಿಲಿ ಹನ್ನೆರಡನೆಯ ವಯಸ್ಸಿನಲ್ಲಿ, 1882ರಲ್ಲಿ, ಮಿದುಳಿನ ಪೊರೆಯ ಜ್ವರದಿಂದ ತೀರಿಹೋದಳು. ಆನಿಗೆ ಕುಡಿತ ಅಂಟಿದ್ದಿತು. ಅದನ್ನು ಬಿಡಿಸುವ ಚಿಕಿತ್ಸಾಲಯಕ್ಕೆ ಸೇರಿ ಬಂದರೂ ಬಿಡಲಿಲ್ಲ. ಗಂಡಹೆಂಡಿರು ಬೇರೆಯಾದ ಮೇಲೆ ಅವನು ವಾರಕ್ಕೆ ಹತ್ತು ಷಿಲಿಂಗು ಕಳುಹಿಸುತ್ತಿದ್ದನು. 1886ರ ಡಿಸೆಂಬರಿನಲ್ಲಿ ಹಣ ಬರುವುದು ನಿಂತುಹೋಯಿತು. ವಿಚಾರಿಸಿದಾಗ ಅವನು ಸತ್ತನೆಂದು ತಿಳಿಯಿತು. ಆಮೇಲೆ ಕ್ರೋಷೆ ಹೆಣೆದು, ಹೂ ಮಾರಿ ಕಾಲ ನೂಕಿದಳು. ಆಕೆಯ ಶ್ವಾಸಕೋಶಗಳೂ ಮಿದುಳಿನ ಪೊರೆಗಳೂ ರೋಗದಿಂದ ಬಹಳ ಕೆಟ್ಟಿದ್ದುವೆಂದೂ, ಸರಿಯಾದ ಅನ್ನವಿಲ್ಲದ ದೇಹವೆಂದೂ ಪರೀಕ್ಷೆ ಮಾಡಿದ ವೈದ್ಯನು ಸಾಕ್ಷಿ ಹೇಳಿದನು. ಮಲಗುವುದಕ್ಕೆ ಕಾಸಿಲ್ಲದೆ ಹೊರಬಿದ್ದ ರಾತ್ರಿ ಆಕೆಯ ಬಳಿ ಹರಿದ ಲಕೋಟೆಯ ಚೂರಿನಲ್ಲಿ ಕಟ್ಟಿಕೊಂಡಿದ್ದ ಎರಡು ಗುಳಿಗೆಗಳಿದ್ದುವು.

ಸೆಪ್ಟೆಂಬರ್ 14ರಂದು ಆಕೆಯನ್ನು ಮಣ್ಣುಮಾಡಿದರು. ಜನರ ಮುತ್ತಿಗೆಯನ್ನು ಕಂಡಿದ್ದ ಬಂಧುಗಳು ದಿನವನ್ನೂ ಹೊತ್ತನ್ನೂ ಯಾರಿಗೂ ತಿಳಿಸಲಿಲ್ಲ. ಬೆಳಗಿನ ಏಳು ಗಂಟೆಗೆ ಶವದ ಗಾಡಿಯೊಂದೇ ಹೊರಟಿತು. ಹಿಂದೆ ಬಂಧುಗಳ ಗಾಡಿಗಳು ಸಾಲಾಗಿ ನಡೆದರೆ ಬೀದಿಯವರಿಗೆ ಗುರುತು ಹತ್ತುವುದೆಂದು ಅವರು ಜೊತೆಯಲ್ಲಿ ಹೋಗದೆ, ಬೇರೆ ದಾರಿಯಿಂದ ಹೋಗಿ ಮೇನರ್ ಪಾರ್ಕಿನ ಸ್ಮಶಾನದಲ್ಲಿ ಗಾಡಿಯ ಬರವನ್ನು ಕಾಯುತ್ತ ನಿಂತಿದ್ದರು.